ಕ್ಯಾಮೆರಾ ಕ್ಲಬ್ಬಿನಲ್ಲಿ ಒಂದು ವರ್ಷ: ಕಾಸಿಗೆ ತಕ್ಕ ಕಜ್ಜಾಯ ಸಿಕ್ಕಿತಾ?

ವರ್ಷದ ಚಂದಾ 2,500 ರೂಪಾಯಿ. ತಿಂಗಳ ಸ್ಪರ್ಧೆಗೆ ಫೋಟೋ ಹಾಕಿದರೆ ಪ್ರತಿ ಸಲ ಇನ್ನೊಂದು 100. ಇಷ್ಟಕ್ಕೆ ಸಿಗುವುದು ಎರಡನೇ ಭಾನುವಾರ ಒಂದು ಉಪನ್ಯಾಸ, ನಾಲ್ಕನೇ ಭಾನುವಾರ ಸ್ಪರ್ಧೆಯ ಜಡ್ಜಿಂಗ್, ಮಳೆಗಾಲ ಮುಗಿದ ಮೇಲೆ ಒಂದು ಔಟಿಂಗ್, ಪ್ರತಿ ಸಲವೂ ಫ್ಲಾಸ್ಕಿನ ಕಾಫಿ ಮತ್ತು ಕೋಡುಬಳೆ. ಕೋಡುಬಳೆ ಚೆನ್ನಾಗಿರುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೈಯುವುದು ಸ್ವಲ್ಪ ಇದೆ.

ಕ್ಲಬ್ಬಿನ ಹೆಸರು ಬೇಡ. ಬೆಂಗಳೂರಿನ ಒಂದು ಬಡಾವಣೆಯಲ್ಲಿ, ಲೈಬ್ರರಿಯ ಮೇಲಿನ ಹಾಲಿನಲ್ಲಿ ಸೇರುವ ನಲವತ್ತು ಐವತ್ತು ಜನರ ಸಣ್ಣ ಕ್ಲಬ್ಬು. ಬ್ಯಾಂಕಿನಿಂದ ನಿವೃತ್ತರಾದವರು, ಐಟಿಯವರು, ಇಬ್ಬರು ದಂತವೈದ್ಯರು (ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಫೋಟೋಗ್ರಫಿಗೂ ಹಲ್ಲಿಗೂ ಏನೋ ನಂಟಿದೆ), ಒಬ್ಬರು ಕಾಲೇಜು ಮೇಡಂ. ಒಳ್ಳೆ ಜನ. ನಾಳೆ ಅವರ ಮುಖ ನೋಡಬೇಕು.

ಈ ಊರಿಗೆ ಇಂಥ ಕ್ಲಬ್ಬುಗಳು ಹೊಸದಲ್ಲ ಬಿಡಿ. ದೇಶದ ಕ್ಲಬ್ಬುಗಳನ್ನೆಲ್ಲ ಒಂದು ಸೂರಿನಡಿ ತಂದ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಶುರುವಾದದ್ದು 1953ರಲ್ಲಿ, ಅದನ್ನು ಕಟ್ಟಿದ ಡಾ. ಜಿ. ಥಾಮಸ್ ಬೆಂಗಳೂರಿನಲ್ಲೇ ನೆಲೆ ನಿಂತವರು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇವತ್ತಿಗೂ ನಡೆಯುತ್ತಿದೆ. 2017ರಲ್ಲಿ ತೀರಿಕೊಂಡ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ಹೆಸರು ಬರದೆ ನಮ್ಮ ಹಾಲಿನಲ್ಲಿ ಒಂದು ಭಾನುವಾರವೂ ಮುಗಿಯುವುದಿಲ್ಲ. ನಮ್ಮದು ಅಂಥ ದೊಡ್ಡ ಹೆಸರಿನ ಕ್ಲಬ್ಬಲ್ಲ, ಆದರೆ ಆ ನೆರಳು ಇದೆ.

ಸರಿ, ಮೊದಲು ಉಪನ್ಯಾಸ.

ವರ್ಷಕ್ಕೆ ಹನ್ನೆರಡು. ನಾನು ಒಂಬತ್ತಕ್ಕೆ ಹೋದೆ. ಅದರಲ್ಲಿ ಮೂರು ಚೆನ್ನಾಗಿದ್ದವು, ನಾಲ್ಕು ಪರವಾಗಿಲ್ಲ, ಎರಡು ಯಾರಿಗೂ ಬೇಡ. ಬೇಡದ ಎರಡರಲ್ಲಿ ಒಂದು ಲೆನ್ಸ್ ಮಾರುವವರದು, ಅದು ಉಪನ್ಯಾಸವಲ್ಲ, ವ್ಯಾಪಾರ. ಕೊನೆಗೆ ಒಂದು ಕೂಪನ್ ಕೊಟ್ಟರು. ಇನ್ನೊಂದು ಸದಸ್ಯರೊಬ್ಬರ ಲಡಾಖ್ ಪ್ರವಾಸ. 240 ಸ್ಲೈಡು, ಹಿಂದೆ ಕೊಳಲು. ಪಾಂಗಾಂಗ್ ಸರೋವರ ಎಡದಿಂದ, ಬಲದಿಂದ, ಮೋಡ ಇದ್ದಾಗ, ಮೋಡ ಇಲ್ಲದಾಗ, ಹೆಂಡತಿ ಇದ್ದಾಗ, ಹೆಂಡತಿ ಇಲ್ಲದಾಗ. 180ನೇ ಸ್ಲೈಡಿನ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆದರು, ಅದಕ್ಕೆ ಯಾರೂ ನಗಲಿಲ್ಲ, ಎಲ್ಲರಿಗೂ ಸಹಾನುಭೂತಿ ಇತ್ತು.

ಚೆನ್ನಾಗಿದ್ದ ಒಂದರ ಬಗ್ಗೆ ಹೇಳಲೇಬೇಕು. ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಫೋಟೋ ತೆಗೆದು ನಿವೃತ್ತರಾದ ಹಿರಿಯರು ಬಂದಿದ್ದರು. ಲ್ಯಾಪ್‌ಟಾಪ್ ತರಲಿಲ್ಲ. ಒಂದು ಹಳೆ ಸೂಟ್‌ಕೇಸ್, ಅದರ ತುಂಬ ಕಾಂಟ್ಯಾಕ್ಟ್ ಶೀಟ್. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಫಿಲಂ ರೋಲಿನ 36 ಫ್ರೇಮನ್ನೂ ಒಂದೇ ಹಾಳೆಯ ಮೇಲೆ ಅಂಚೆಚೀಟಿ ಗಾತ್ರದಲ್ಲಿ ಪ್ರಿಂಟ್ ಹಾಕುತ್ತಿದ್ದರು, ಭೂತಗನ್ನಡಿ ಇಟ್ಟು ನೋಡಿ ಬೇಕಾದ್ದಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಮಾಡುತ್ತಿದ್ದರು. ಆ ಹಾಳೆಗಳನ್ನು ನಮ್ಮ ಕೈಗೇ ಕೊಟ್ಟರು. ಒಂದು ರಥೋತ್ಸವದ ರೋಲು. ಮೊದಲ ಹತ್ತು ಫ್ರೇಮಿನಲ್ಲಿ ತೇರು ನೆಟ್ಟಗೆ ನಿಂತಿದೆ, ನಾವೆಲ್ಲ ತೆಗೆಯುವ ಹಾಗೆ. ಹನ್ನೊಂದರಿಂದ ಅವರು ತೇರು ಬಿಟ್ಟಿದ್ದಾರೆ, ಹಗ್ಗ ಎಳೆಯುವವರ ಕಡೆ ತಿರುಗಿದ್ದಾರೆ. ಇಪ್ಪತ್ತಮೂರರಲ್ಲಿ ಕೆಂಪು ಗುರುತು. ಒಬ್ಬ ಹುಡುಗ ಹಗ್ಗಕ್ಕೆ ಜೋತುಬಿದ್ದಿದ್ದಾನೆ, ಎಳೆಯುತ್ತಿಲ್ಲ, ಹಗ್ಗವೇ ಅವನನ್ನು ಎಳೆದುಕೊಂಡು ಹೋಗುತ್ತಿದೆ. ಇಪ್ಪತ್ತನಾಲ್ಕರಲ್ಲಿ ಯಾರದೋ ಬೆನ್ನು ಅಡ್ಡ ಬಂದಿದೆ.

"ಇದೊಂದಕ್ಕೆ ಮಿಕ್ಕ ಮೂವತ್ತೈದು ಹಾಳು ಮಾಡಿದೀನಿ ನೋಡಿ" ಅಂದರು. ಅಷ್ಟೇ ಉಪನ್ಯಾಸ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಆವತ್ತಿನಿಂದ ನನಗೊಂದು ಅಳತೆಗೋಲು ಸಿಕ್ಕಿತು. ಮಾತಾಡಲು ಬಂದವರು ಕೆಟ್ಟ ಫ್ರೇಮನ್ನೂ ತೋರಿಸುತ್ತಾರಾ? ತೋರಿಸಿದರೆ ಕೂರುತ್ತೇನೆ. ಬರೀ ಪದಕ ಬಂದದ್ದನ್ನು ಒಂದರ ಹಿಂದೆ ಒಂದು ತೋರಿಸಿ, ಕೆಳಗೆ ಶಟರ್ ಸ್ಪೀಡ್, ಅಪರ್ಚರ್, ಐಎಸ್‌ಒ ಬರೆದರೆ ಕಾಫಿ ಕುಡಿದು ಹೊರಡುತ್ತೇನೆ. ಆ ನಂಬರಿನಿಂದ ಯಾರಿಗೂ ಏನೂ ಆಗುವುದಿಲ್ಲ. ಹುಲಿ ಎಲ್ಲಿ ಕೂತಿತ್ತು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಜೀಪಿನವನು ಎಷ್ಟು ಹೊತ್ತು ನಿಲ್ಲಿಸಿದ, ಅದನ್ನು ಹೇಳಿ ಮಾರಾಯ್ರೆ.

ಇನ್ನೊಂದು ಒಳ್ಳೆಯ ಉಪನ್ಯಾಸ ಮೋಸದ ಬಗ್ಗೆ. ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ ತೋಳದ ಚಿತ್ರ ಹಾಕಿದರು. ರಾತ್ರಿ ಹೊತ್ತು, ತೋಳ ಮರದ ಗೇಟಿನ ಮೇಲೆ ಹಾರುತ್ತಿದೆ. "ಇದರಲ್ಲಿ ಏನಾದರೂ ಅನುಮಾನ ಬರುತ್ತಾ?" ಎಂದು ಕೇಳಿದರು. ಎಲ್ಲರೂ ಶಾರ್ಪ್‌ನೆಸ್ ಬಗ್ಗೆ ಮಾತಾಡಿದರು. ಕೊನೆಗೆ ಕಾಲೇಜು ಮೇಡಂ ಒಬ್ಬರೇ "ಗೇಟಿನ ಸಂದಿ ಅಷ್ಟು ದೊಡ್ಡದಿದೆಯಲ್ಲ, ನುಸುಳಿಕೊಂಡು ಹೋಗೋದು ಬಿಟ್ಟು ಹಾರೋದ್ಯಾಕೆ?" ಅಂದರು. ಸರಿಯಾಗಿ ಅದೇ ಪ್ರಶ್ನೆ ಆಗಲೂ ಎದ್ದಿತ್ತಂತೆ. ಅದು ಮ್ಯಾಡ್ರಿಡ್ ಹತ್ತಿರದ ಪ್ರಾಣಿಸಂಗ್ರಹಾಲಯದ ಪಳಗಿದ ತೋಳವೇ ಇರಬೇಕು ಎಂದು ತೀರ್ಪುಗಾರರು ಕೊನೆಗೆ ತೀರ್ಮಾನಿಸಿ 2010ರ ಜನವರಿಯಲ್ಲಿ ಬಹುಮಾನ ವಾಪಸ್ ಪಡೆದರು. 2017ರಲ್ಲಿ ಅದೇ ಸ್ಪರ್ಧೆಯಲ್ಲಿ ಗೆದ್ದ ಇರುವೆಬಾಕದ ಚಿತ್ರಕ್ಕೂ ಮಾರನೇ ವರ್ಷ ಅದೇ ಗತಿ. ಬ್ರೆಜಿಲ್‌ನ ಅಭಯಾರಣ್ಯದ ಬಾಗಿಲಲ್ಲಿ ಹುಲ್ಲು ತುಂಬಿ ನಿಲ್ಲಿಸಿದ್ದ ಇರುವೆಬಾಕಕ್ಕೂ ಇದಕ್ಕೂ ರೋಮದ ಗುರುತುಗಳು ತಾಳೆಯಾಗಿದ್ದವು. ಇಬ್ಬರು ಛಾಯಾಗ್ರಾಹಕರೂ ತಪ್ಪು ಒಪ್ಪಲಿಲ್ಲ, ಅದು ಬೇರೆ ಮಾತು.

ಈಗಂತೂ ಇನ್ನೂ ಗೋಜಲು. 2023ರಲ್ಲಿ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನಲ್ಲಿ ಬಹುಮಾನ ಬಂದ ಚಿತ್ರ ಎಐ ಮಾಡಿದ್ದು ಎಂದು ಗೆದ್ದವರೇ ಹೇಳಿ ಬಹುಮಾನ ಬೇಡ ಅಂದರು. ಮಾರನೇ ವರ್ಷ ಇನ್ನೊಬ್ಬರು ನಿಜವಾದ ಫ್ಲೆಮಿಂಗೋ ಫೋಟೋವನ್ನು, ತಲೆ ಮೈಯೊಳಗೆ ಹುದುಗಿಸಿಕೊಂಡದ್ದನ್ನು, ಬೇರೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿ ಗೆದ್ದು, ಅನರ್ಹರೂ ಆದರು. ಹಾಲಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುಂದಿನ ತಿಂಗಳಿಂದ ನಮ್ಮ ಕ್ಲಬ್ಬು ಗೆದ್ದವರ ರಾ ಫೈಲ್ (ಕ್ಯಾಮೆರಾದಿಂದ ಬಂದ, ಏನೂ ತಿದ್ದದ ಮೂಲ ಫೈಲ್) ಕೇಳಲು ಶುರು ಮಾಡಿತು. ಒಂದು ಉಪನ್ಯಾಸದಿಂದ ಒಂದು ನಿಯಮ ಹುಟ್ಟಿತಲ್ಲ, ಅದು ಸಣ್ಣ ವಿಷಯ ಅಲ್ಲ.

ಈಗ ಜಡ್ಜಿಂಗ್. ನಾನು ಇದನ್ನು ಬರೆಯಲು ಕೂತದ್ದೇ ಇದಕ್ಕೆ.

ವ್ಯವಸ್ಥೆ ಹೀಗಿದೆ. ಹೊರಗಿನಿಂದ ಮೂರು ಜನ ಜಡ್ಜ್ ಬರುತ್ತಾರೆ. ಫೋಟೋ 1920 ಅಗಲ, 1080 ಎತ್ತರದ ಪಿಕ್ಸೆಲ್ ಒಳಗೆ ಇರಬೇಕು, ಹೆಸರು ಇರಬಾರದು. ಪರದೆಯ ಮೇಲೆ ಐದಾರು ಸೆಕೆಂಡು. ಅಷ್ಟರಲ್ಲಿ ಮೂವರೂ ಕೈಯಲ್ಲಿರುವ ಬಟನ್ ಒತ್ತುತ್ತಾರೆ, 1ರಿಂದ 5. ಮೂರರ ಮೊತ್ತ ಕೆಳಗೆ ಮೂಡುತ್ತದೆ. 11 ಬಂದರೆ ಉಳಿಯಿತು, ಕಮ್ಮಿಯಾದರೆ ಮನೆಗೆ. ಉಳಿದವನ್ನು ಮತ್ತೆ ಹಾಕಿ ಒಂದೆರಡು ಮಾತು ಹೇಳಿ ಬಹುಮಾನ. ದೊಡ್ಡ ಸಲಾನ್‌ಗಳಲ್ಲೂ (ಫೋಟೋ ಸ್ಪರ್ಧೆ-ಪ್ರದರ್ಶನಗಳಿಗೆ ಹಾಗನ್ನುತ್ತಾರೆ) ಹೆಚ್ಚುಕಮ್ಮಿ ಇದೇ ದಾರಿ, ಅಂಕದ ಲೆಕ್ಕ ಮಾತ್ರ ಅಲ್ಲಲ್ಲಿಗೆ ಬೇರೆ.

ನನ್ನ ಮೊದಲ ಫೋಟೋ. ಬೇಸಿಗೆಯಲ್ಲಿ ದೊಡ್ಡಮ್ಮ ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಾರೆ. ಸಾಲು ಸಾಲು ಬಿಳಿ ಚುಕ್ಕೆ. ಹಿಂದೆ ಪ್ಯಾರಪೆಟ್ ಗೋಡೆಯ ಮೇಲೆ ಒಂದು ಕಾಗೆ, ಕತ್ತು ವಾರೆ ಮಾಡಿ ಅದನ್ನೇ ನೋಡುತ್ತಿದೆ. ನನಗೆ ಬಹಳ ಇಷ್ಟದ ಫೋಟೋ. ಬಂದ ಅಂಕ 5, 2, 3. ಒಟ್ಟು 10. ಒಂದಂಕದಲ್ಲಿ ಔಟ್.

ಔಟಾದ ಫೋಟೋ ಬಗ್ಗೆ ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ. ಕಾಫಿ ಹೊತ್ತಿನಲ್ಲಿ ನಾನೇ ಹೋಗಿ ಕೇಳಿದೆ, ನಾಚಿಕೆ ಬಿಟ್ಟು. 2 ಕೊಟ್ಟವರು "ಹಿಂದೆ ಒಂದು ಕಪ್ಪು ಡಿಸ್ಟ್ರ್ಯಾಕ್ಷನ್ ಇದೆ, ಅದನ್ನ ಕ್ಲೋನ್ ಮಾಡಿ ತೆಗೀಬೇಕಿತ್ತು" ಅಂದರು. ನಾನು "ಸರ್, ಅದು ಕಾಗೆ" ಅಂದೆ. "ಹೌದು, ಅದೇ" ಅಂದರು. ಇನ್ನೇನು ಹೇಳಲಿ? ಕಾಗೆ ತೆಗೆದರೆ ಉಳಿಯುವುದು ಒಬ್ಬರು ಹೆಂಗಸು, ಸ್ವಲ್ಪ ಹಿಟ್ಟು.

5 ಕೊಟ್ಟವರು ಪಕ್ಕದಲ್ಲೇ ನಿಂತು ಕೋಡುಬಳೆ ಮುರಿಯುತ್ತಿದ್ದರು. "ಕಾಗೆಗೇ ರೀ ನಾನು ಐದು ಕೊಟ್ಟಿದ್ದು" ಅಂದರು. ಆಮೇಲೆ 3 ಕೊಟ್ಟ ಮೂರನೆಯವರು, ಹೆಚ್ಚು ಮಾತಾಡದವರು, ನನ್ನ ಫೋನಿನಲ್ಲಿ ಫೋಟೋ ಮತ್ತೆ ನೋಡಿ "ಅಮ್ಮನ ಕೈ ನೋಡಿ, ಬೆರಳು ಫ್ರೇಮಿನ ಅಂಚಿಗೆ ಅಂಟಿದೆ, ಸಂಡಿಗೆ ಬೀಳೋ ಜಾಗಾನೇ ಇಲ್ಲ. ಒಂದು ಹೆಜ್ಜೆ ಹಿಂದೆ ಹೋಗಬೇಕಿತ್ತು" ಅಂದರು.

ಮನೆಗೆ ಬಂದು ನೋಡಿದೆ. ನೂರು ಸಲ ನೋಡಿದ ಫೋಟೋ. ಆ ಬೆರಳು ನನಗೆ ಕಂಡೇ ಇರಲಿಲ್ಲ. ಈಗ ಅದು ಬಿಟ್ಟು ಬೇರೇನೂ ಕಾಣಿಸುವುದಿಲ್ಲ! 2,500 ರೂಪಾಯಿ ಆವತ್ತೇ ವಸೂಲಾಯಿತು ಅಂತ ಹೇಳಬಹುದು, ಆದರೆ ಅಂಕದಿಂದ ಅಲ್ಲ, ಕಾಫಿಯ ಹೊತ್ತಿನ ಐದು ನಿಮಿಷದಿಂದ.

ನನ್ನ ತಕರಾರು ಇರುವುದೇ ಇಲ್ಲಿ. ಆ ದಿನ ಗೆದ್ದದ್ದು ಕೋಲಿನ ಮೇಲೆ ಕೂತ ಮಿಂಚುಳ್ಳಿ. 4, 4, 4. ಒಟ್ಟು 12. ಯಾರಿಗೂ ಬೇಜಾರಿಲ್ಲ, ಯಾರಿಗೂ ಅಂಥ ಖುಷಿಯೂ ಇಲ್ಲ. ಲೆಕ್ಕ ಹಾಕಿ ನೋಡಿ, ಇಬ್ಬರು ಕುಣಿದಾಡಿ 5 ಕೊಟ್ಟು ಒಬ್ಬರು 1 ಕೊಟ್ಟರೆ 11. ಮೂವರೂ "ಪರವಾಗಿಲ್ಲ" ಎಂದು 4 ಕೊಟ್ಟರೆ 12. ಈ ಯಂತ್ರ ಹುಡುಕುವುದು ಒಳ್ಳೆ ಫೋಟೋವನ್ನಲ್ಲ, ಯಾರೂ ಬೇಡ ಅನ್ನದ ಫೋಟೋವನ್ನು. ಜಡ್ಜುಗಳ ತಪ್ಪೂ ಅಲ್ಲ ಇದು. ಕೂಡುವ ಲೆಕ್ಕದ್ದೇ ಗುಣ.

ಎರಡು ಮೂರು ತಿಂಗಳಲ್ಲಿ ಸದಸ್ಯರಿಗೆ ಇದು ಗೊತ್ತಾಗಿಬಿಡುತ್ತದೆ. ಆಮೇಲೆ ಎಲ್ಲರೂ ಯಾರೂ ಬೇಡ ಅನ್ನದ ಫೋಟೋ ತೆಗೆಯಲು ಹೊರಡುತ್ತಾರೆ. ಕಂಬಳದ ಕೋಣ, ಕೆಸರು ಎರಚುತ್ತಾ ನೇರ ಕ್ಯಾಮೆರಾ ಕಡೆಗೆ. ಒಂದೇ ಸಂಜೆ ಒಂಬತ್ತು ಕಂಬಳ ಎಣಿಸಿದ್ದೇನೆ. ಹೊಗೆಯ ಮಧ್ಯೆ ಬೀಡಿ ಹಚ್ಚುವ ಸುಕ್ಕು ಮುಖದ ಅಜ್ಜ. ಕಿಟಕಿಯಿಂದ ಬೀಳುವ ಬೆಳಕಿನ ಕೋಲಿನಲ್ಲಿ ಪುಸ್ತಕ ಓದುವ ಬೈಲಕುಪ್ಪೆಯ ಪುಟ್ಟ ಸನ್ಯಾಸಿಗಳು (ಬೆಳಕಿನ ಕೋಲಿಗೆ ಹೊಗೆ ಬೇಕು, ಹೊಗೆಗೆ ಯಾರೋ ಏನೋ ಹಚ್ಚಿರುತ್ತಾರೆ, ಕೇಳಬಾರದು). ದೆಹಲಿಯ ಯಮುನಾ ಘಾಟಿನಲ್ಲಿ ದೋಣಿ, ಸುತ್ತ ಬಿಳಿ ಹಕ್ಕಿಗಳು. ಉತ್ತರ ಪ್ರದೇಶದ ಬರ್ಸಾನಾದ ಹೋಳಿ. ಒಂದೊಂದೂ ನೋಡಲು ಚೆಂದವೇ. ಮೊದಲು ತೆಗೆದವರಿಗೆ ದೊಡ್ಡ ನಮಸ್ಕಾರ. ಆದರೆ ಇನ್ನೂರನೆಯವರು ತೆಗೆದಾಗ ಅದು ಫೋಟೋನಾ, ಹಾಜರಿ ಪುಸ್ತಕದ ಸಹಿನಾ?

ಮಿಂಚುಳ್ಳಿಯದೂ ಅಷ್ಟೇ. ತೊಟ್ಟಿಯಲ್ಲಿ ಮೀನು ಬಿಟ್ಟು, ಮೇಲೆ ಪಾಚಿ ಹತ್ತಿದ ಚೆಂದದ ಕೋಲು ನೆಟ್ಟು, ಹೈಡ್ (ಹಕ್ಕಿಗೆ ಕಾಣದ ಹಾಗೆ ಅಡಗಿ ಕೂರುವ ಮರೆ) ಒಳಗೆ ಕುರ್ಚಿ ಹಾಕಿ ಕೊಡುವವರಿದ್ದಾರೆ. ಹಿನ್ನೆಲೆ ಹಸಿರು, ಬೆಣ್ಣೆ ಹಾಗೆ ನುಣುಪು. ಕೋಲು ಅದೇ, ಹಕ್ಕಿಯೂ ಅದೇ, ಸದಸ್ಯರು ಮಾತ್ರ ಬೇರೆ ಬೇರೆ. ಒಮ್ಮೆ ಒಂದೇ ಸ್ಪರ್ಧೆಯಲ್ಲಿ ಮೂರು ಜನರ ಫೋಟೋದಲ್ಲಿ ಅದೇ ಕೋಲು ಬಂದಿತ್ತು. ಕೋಲಿಗೇ ಒಂದು ಪದಕ ಕೊಡಬಹುದಿತ್ತು.

ನೇಚರ್ ವಿಭಾಗದ ಕಥೆ ಇನ್ನೊಂದು. ಫೋಟೋಗ್ರಫಿಯ ದೊಡ್ಡ ಸಂಸ್ಥೆಗಳಾದ ಅಂತರರಾಷ್ಟ್ರೀಯ ಫಿಯಾಪ್, ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ಆರ್‌ಪಿಎಸ್ ಸೇರಿ ಒಂದೇ ವ್ಯಾಖ್ಯೆ ಮಾಡಿಕೊಂಡಿದ್ದವು, ನಮ್ಮ ಕ್ಲಬ್ಬು ಅನುಸರಿಸುವುದು ಅದನ್ನೇ. ಏನನ್ನೂ ಸೇರಿಸುವಂತಿಲ್ಲ, ಕ್ರಾಪ್ ಮಾಡುವುದು ಬಿಟ್ಟರೆ ಏನನ್ನೂ ತೆಗೆಯುವಂತಿಲ್ಲ, ಮನುಷ್ಯ ಮಾಡಿದ್ದು ಕಾಣುವಂತಿಲ್ಲ. "ಹ್ಯಾಂಡ್ ಆಫ್ ಮ್ಯಾನ್" ಎಂಬ ಮಾತು ಅಲ್ಲಿ ಮಂತ್ರದ ಹಾಗೆ ಓಡಾಡುತ್ತದೆ. ನಮ್ಮ ದಂತವೈದ್ಯರಲ್ಲಿ ಒಬ್ಬರು ಮದ್ದೂರು ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಹೋಗಿ, ಬಣ್ಣದ ಕೊಕ್ಕರೆ ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು ಹೆಂಚಿನ ಮನೆ ಮೇಲೆ ಇಳಿಯುವ ಫೋಟೋ ತಂದಿದ್ದರು. ಒಬ್ಬ ಜಡ್ಜು ಹೆಂಚು ನೋಡಿದ ಕೂಡಲೇ 1 ಒತ್ತಿದರು. ಹ್ಯಾಂಡ್ ಆಫ್ ಮ್ಯಾನ್!

ಆದರೆ ಅದೇ ವ್ಯಾಖ್ಯೆಯ ಮುಂದಿನ ಸಾಲು ಓದಿದರೆ, ಮನುಷ್ಯರು ಬದಲಾಯಿಸಿದ ಪರಿಸರಕ್ಕೆ ಒಗ್ಗಿಕೊಂಡ ಜೀವಿಗಳ ಕಥೆಗೆ ಆ ವಸ್ತು ಬೇಕೇ ಬೇಕಾದರೆ ಇರಬಹುದು ಎಂದಿದೆ. ಅಲ್ಲಿ ಕೊಟ್ಟಿರುವ ಉದಾಹರಣೆ ಯಾವುದು ಗೊತ್ತಾ? ಕಣಜದ ಗೂಬೆ ಮತ್ತು ಕೊಕ್ಕರೆ. ಕೊಕ್ಕರೆ! ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಮನೆ ಹಿತ್ತಲಿನ ಮರದಲ್ಲೇ ಗೂಡು ಕಟ್ಟುತ್ತವೆ, ಊರೇ ಅದರ ಕಥೆ. ಹೆಂಚು ಇಲ್ಲದಿದ್ದರೆ ಅದು ಆ ಊರಿನ ಕೊಕ್ಕರೆಯೇ ಅಲ್ಲ. ದಂತವೈದ್ಯರು ಪಾಪ ಏನೂ ಹೇಳಲಿಲ್ಲ, ಮುಂದಿನ ತಿಂಗಳು ಕೋಲಿನ ಮೇಲಿನ ಮಿಂಚುಳ್ಳಿ ತಂದರು. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ನಿಯಮ ಓದದ ಜಡ್ಜನ್ನು ಕರೆಸುವುದಾದರೆ, ಮೊದಲು ನಿಯಮವನ್ನು ಜೋರಾಗಿ ಓದಿ ಆಮೇಲೆ ಶುರು ಮಾಡಿ ಎಂದು ಕಾರ್ಯದರ್ಶಿಗೆ ಹೇಳಿದೆ. "ಹಿರಿಯರು ಬೇಜಾರು ಮಾಡ್ಕೋತಾರೆ" ಅಂದರು. ನಮ್ಮ ಎಲ್ಲ ಸಂಘಗಳ ಕಾಯಿಲೆಯೂ ಇದೇ ಅಲ್ವಾ?

ಈ ಸಲಾನ್ ಹುಚ್ಚಿನ ಬಗ್ಗೆ ಎರಡು ಮಾತು, ಜಾಸ್ತಿ ಬೇಡ. ಬೇರೆ ಬೇರೆ ದೇಶದ ಸಲಾನ್‌ಗಳಲ್ಲಿ ಫೋಟೋ ಸ್ವೀಕೃತವಾದ ಲೆಕ್ಕ ಇಟ್ಟುಕೊಂಡು ಫಿಯಾಪ್ ಕೊಡುವ ಬಿರುದುಗಳನ್ನು, ಮೊದಲು ಎಎಫ್‌ಐಎಪಿ, ಆಮೇಲೆ ಇಎಫ್‌ಐಎಪಿ, ಅದರ ಮೇಲೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ ಎಂದು ಮೆಟ್ಟಿಲು ಹತ್ತುತ್ತಾರೆ. ಚಿನ್ನದಂಗಡಿ ಬೋರ್ಡಿನ ಹಾಗಿದೆ ಅನ್ನಿಸಿದರೆ ನನ್ನ ತಪ್ಪಲ್ಲ. ಪ್ರತಿ ಸಲಾನ್‌ಗೂ ಪ್ರವೇಶ ಶುಲ್ಕ ಬೇರೆ. ಹೆಸರಿನ ಮುಂದೆ ಅಕ್ಷರ ಬೇಕು ಅನ್ನುವವರಿಗೆ ಕ್ಲಬ್ಬು ಒಳ್ಳೆಯ ದಾರಿ, ಹೇಗೆ ಕಳಿಸಬೇಕು, ಎಲ್ಲಿಗೆ ಕಳಿಸಬೇಕು, ಎಲ್ಲ ಹೇಳಿಕೊಡುತ್ತಾರೆ, ಮನಸ್ಸಿಟ್ಟು ಹೇಳಿಕೊಡುತ್ತಾರೆ. ನನಗೆ ಬೇಡ.

ಹಾಗಾದರೆ ಸೇರಬೇಕಾ? ಕ್ಯಾಮೆರಾ ಈಗ ತಾನೇ ಕೊಂಡವರು, ಅಪರ್ಚರ್ ಅಂದರೇನು ಅಂತ ತಿಳಿಯಲು ಸೇರುವುದಾದರೆ ಬೇಡ, ಅದನ್ನು ಕಲಿಯಲು ಯೂಟ್ಯೂಬ್ ಸಾಕು. ಫೋಟೋ ತೆಗೆಯಲು ಶುರು ಮಾಡಿ ಒಂದೆರಡು ವರ್ಷ ಆಗಿ, ಮನೆಯವರೆಲ್ಲ "ಸೂಪರ್" ಅನ್ನುತ್ತಿದ್ದು, ನಿಮಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತಿದ್ದರೆ ಸೇರಿ. ಸೇರಿದ ಮೇಲೆ ಮೊದಲ ಮೂರು ತಿಂಗಳು ಫೋಟೋ ಹಾಕಬೇಡಿ. ಸುಮ್ನೆ ಹಿಂದೆ ಕೂತು ಬೇರೆಯವರ ಫೋಟೋಗೆ ನೀವೇ ಮನಸ್ಸಿನಲ್ಲಿ ಅಂಕ ಹಾಕಿ. ಒಂದೇ ಸಂಜೆ ನೂರೈವತ್ತು ಫೋಟೋ ಬರುತ್ತವೆ. ನಿಮಗೆ 5 ಅನ್ನಿಸಿದ್ದಕ್ಕೆ ಅವರು 2 ಕೊಟ್ಟಾಗ ಯಾಕೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ, ಕಾಫಿ ಹೊತ್ತಿನಲ್ಲಿ ಹೋಗಿ ಕೇಳಿ. ಯಾರೂ ಗದರುವುದಿಲ್ಲ. ಜಡ್ಜುಗಳಿಗೂ ಯಾರಾದರೂ ಕೇಳಲಿ ಅಂತ ಆಸೆ ಇರುತ್ತದೆ, ಬಟನ್ ಒತ್ತಿ ಒತ್ತಿ ಅವರಿಗೂ ಸಾಕಾಗಿರುತ್ತದೆ.

ಕ್ಲಬ್ಬಿನವರು ಓದುತ್ತಿದ್ದರೆ ಒಂದು ವಿನಂತಿ. ಮೊತ್ತ ಎಷ್ಟೇ ಇರಲಿ, ಪ್ರತಿ ಜಡ್ಜಿಗೂ ತಮಗೆ ಇಷ್ಟವಾದ ಒಂದು ಫೋಟೋವನ್ನು ಉಳಿಸಿಕೊಳ್ಳುವ ಹಕ್ಕು ಕೊಡಿ. ಕೆಲವು ಸಲಾನ್‌ಗಳಲ್ಲಿ ಜಡ್ಜಸ್ ಚಾಯ್ಸ್ ಎಂದು ಬಹುಮಾನವೇ ಇರುತ್ತದೆ, ನಮ್ಮಲ್ಲೂ ಇಡಬಹುದು. ಮೂರು ಜನ, ಮೂರು ಫೋಟೋ, ಹದಿನೈದು ನಿಮಿಷ ಜಾಸ್ತಿ. ಲಡಾಖಿಗೆ ಎರಡು ಗಂಟೆ ಕೊಟ್ಟವರು ಇದಕ್ಕೆ ಹದಿನೈದು ನಿಮಿಷ ಕೊಡಲಾರರಾ?

ಚಂದಾ ನವೀಕರಣ ಏಪ್ರಿಲ್‌ನಲ್ಲಿ. 2,500 ಕಟ್ಟುತ್ತೇನೆ, ತಿಂಗಳ 100 ಮಾತ್ರ ನೋಡಿಕೊಂಡು. ಐದಕ್ಕೆ ಮೂರು ನಕ್ಷತ್ರ, ಕೋಡುಬಳೆಗೆ ಅರ್ಧ ಬೇರೆ. ಯಾರಾದರೂ ಬರುವುದಾದರೆ ಒಂದು ಮಾತು ನೆನಪಿರಲಿ, ಎಡಗಡೆ ಮೂರನೇ ಸಾಲಿನಲ್ಲಿ ಕೂತುಕೊಳ್ಳಿ. ಬಲಗಡೆ ಕಿಟಕಿಗೆ ಕಟ್ಟಿದ ಕಪ್ಪು ಬಟ್ಟೆ ಗಿಡ್ಡ, ಸಂಜೆ ಐದರವರೆಗೂ ಕೆಳಗಿನಿಂದ ಬಿಸಿಲು ಬೀಳುತ್ತದೆ, ಆ ಬೆಳಕಿನಲ್ಲಿ ಕಪ್ಪು ಬಿಳುಪು ಫೋಟೋ ಎಲ್ಲ ಬೂದಿ ಬಣ್ಣ. ಗಾಡಿ ನಿಲ್ಲಿಸಲು ಹಿಂದಿನ ರಸ್ತೆ, ಹಾಲಿನ ಬೂತಿನ ಪಕ್ಕ.